ಟಾಫಿಗೆ ಮನೆ ನೋಡುತ್ತಿರುವ ವಿಷಯ

ಡೆವನ್, ಇಂಗ್ಲೆಂಡ್, ಅಕ್ಟೋಬರ್ 14

ತೀರ್ಥರೂಪು ಅಪ್ಪನವರಿಗೆ ಸಾಷ್ಟಾಂಗ ನಮಸ್ಕಾರಗಳು.

ನಾವೆಲ್ಲ ಕ್ಷೇಮ. ನಿಮ್ಮ ಪತ್ರ ಮೊನ್ನೆ ಕೈಸೇರಿತು. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯ ಬಗ್ಗೆ ಎರಡೇ ಸಾಲು ಬರೆದು, ಉಳಿದದ್ದೆಲ್ಲ ನಮ್ಮ ಕುದುರೆಯ ಖರ್ಚಿನ ಬಗ್ಗೆ ಬರೆದಿರುವುದನ್ನು ನೋಡಿದರೆ, ಸುಬ್ಬಣ್ಣ ಅಲ್ಲಿ ಉಪ್ಪುಖಾರ ಹಚ್ಚಿ ಹೇಳಿರಬೇಕೆನಿಸುತ್ತದೆ. ನಾನು ಲಾಯ ಕಟ್ಟಿಸಿಲ್ಲ, ಸಾಲವನ್ನೂ ಮಾಡಿಲ್ಲ. ಬಾಡಿಗೆಯ ಅರ್ಧ ಎಕರೆ ಹುಲ್ಲುಗಾವಲಿನಲ್ಲಿ ಟಾಫಿ ಎಂಬ ಮುದಿ ಪೋನಿಯೊಂದು, ಅಂದರೆ ಗಿಡ್ಡ ತಳಿಯ ಕುದುರೆ, ಇದೆ, ಅಷ್ಟೆ.

'ಮರಿ ದೊಡ್ಡದಾದ ಮೇಲೆ ಮಾರಿದರೆ ಬೆಲೆ ಬರುತ್ತದಲ್ಲ' ಎಂದು ಅಮ್ಮ ಕೇಳಿದ್ದಾಳೆ. ಅದು ಮರಿಯಲ್ಲವೆಂದು ಅವಳಿಗೆ ಹೇಳಿ. ಅದಕ್ಕೀಗ 24 ವರ್ಷ. ಶೆಟ್‌ಲ್ಯಾಂಡ್ ತಳಿಯೇ ಅಷ್ಟು ಗಿಡ್ಡ. ಹೆಗಲಿನ ಮಟ್ಟಕ್ಕೆ 42 ಅಂಗುಲ ಮೀರಿದರೆ ಆ ತಳಿಯೆಂದು ನೋಂದಾಯಿಸುವುದೇ ಇಲ್ಲ. ಕೀಲುನೋವಿರುವುದರಿಂದ ಅದರ ಮೇಲೆ ಯಾರೂ ಕೂರುವಂತಿಲ್ಲ. ಪುಟ್ಟಿಯ ದೊಡ್ಡ ಕುದುರೆ ಒಂಟಿಯಾಗಬಾರದೆಂದು ಜೊತೆಗೆ ಸಾಕಿದ ಪ್ರಾಣಿ ಅದು. ಜೊತೆಗೆಂದೇ ಪೋನಿ ಸಾಕುವುದು ಇಲ್ಲಿ ಸಾಮಾನ್ಯ. ನಮಗೆ ವಿಚಿತ್ರವೆನಿಸಿದರೂ, ಹಿಂಡಿನಲ್ಲಿ ಬದುಕುವ ಪ್ರಾಣಿಯನ್ನು ಒಂಟಿಯಾಗಿ ಕಟ್ಟಿಹಾಕದ ಇವರ ಬುದ್ಧಿಯನ್ನು ನಾನಂತೂ ಮೆಚ್ಚುತ್ತೇನೆ.

ಆಗಸ್ಟ್‌ನಲ್ಲಿ ದೊಡ್ಡ ಕುದುರೆ ಹೊಟ್ಟೆಶೂಲೆಯಿಂದ ಸತ್ತಿತು, ಸೆಪ್ಟೆಂಬರ್‌ನಲ್ಲಿ ಪುಟ್ಟಿ ಕಾಲೇಜಿಗೆ ಹೋದಳು. ಅಂದಿನಿಂದ ಟಾಫಿ ಗೇಟಿನ ಕಂಬಿಗೆ ಎದೆಯೊತ್ತಿ ನಿಂತು, ರಸ್ತೆಯಲ್ಲಿ ಟ್ರ್ಯಾಕ್ಟರ್ ಸದ್ದಾದರೂ ಸಾಕು, ಕೆನೆಯುತ್ತದೆ. ಅದರ ಓಡಾಟಕ್ಕೆ ಬೇಲಿಯ ಉದ್ದಕ್ಕೂ ಹುಲ್ಲು ಸವೆದು ಕೆಸರಿನ ಗೆರೆಯಾಗಿದೆ. ಪಕ್ಕದವರು ಕನಿಕರದಿಂದ ಎರಡು ಕುರಿಗಳನ್ನು ತಂದು ಬಿಟ್ಟರು. ಅದು ಅವುಗಳಿಗೆ ಬೆನ್ನು ತಿರುಗಿಸಿ ನಿಂತಿತು.

ಯಾರಿಗಾದರೂ ಪುಕ್ಕಟೆ ಕೊಟ್ಟುಬಿಡು ಎಂದು ನೀವು ಬರೆದಿದ್ದೀರಿ. ಪುಕ್ಕಟೆ ಎಂದರೆ ದಲ್ಲಾಳಿಗಳೇ ಮೊದಲು ಬರುತ್ತಾರಪ್ಪ. ಕೆಂಪಿ ಗೊಡ್ಡಾದಾಗ ಜಗಲಿಗೆ ಬಂದ ದಲ್ಲಾಳಿಯನ್ನು ಕಾಫಿಯನ್ನೂ ಕೊಡದೆ ಕಳುಹಿಸಿ, ಅವಳನ್ನು ಅತ್ತೆಯ ಮನೆಗೆ ನಡೆಸಿಕೊಂಡು ಹೋಗಿ ಬಿಟ್ಟು, ಕಣ್ಣಿಯನ್ನು ಮಾತ್ರ ಹೆಗಲ ಮೇಲೆ ಹಾಕಿಕೊಂಡು ಬಂದವರು ನೀವು. ಇಲ್ಲಿ ಕಣ್ಣಿಯ ಬದಲು ಕರಾರುಪತ್ರವಿದೆ. ಅದಕ್ಕೆ 'ಲೋನ್' ಎನ್ನುತ್ತಾರೆ. ಬ್ಯಾಂಕಿನ ಸಾಲವೆಂದು ಮತ್ತೆ ಗಾಬರಿಯಾಗಬೇಡಿ. ಪೋನಿ ಅವರ ಮನೆಯಲ್ಲಿರುತ್ತದೆ, ಮೇವಿನ ಖರ್ಚು ಅವರದು, ಒಡೆತನ ಮಾತ್ರ ನಮ್ಮದು. ಅವರು ಅದನ್ನು ಮಾರುವಂತಿಲ್ಲ, ಸಾಕಲಾಗದಿದ್ದರೆ ನಮಗೇ ಮರಳಿಸಬೇಕು. ಬ್ರಿಟಿಷ್ ಹಾರ್ಸ್ ಸೊಸೈಟಿಯ ಮಾದರಿಯನ್ನು ಮುಂದಿಟ್ಟುಕೊಂಡು ನಾನೇ ಅದನ್ನು ಬರೆದಿದ್ದೇನೆ. ಅಂದಹಾಗೆ, ಇಲ್ಲಿ ಕುದುರೆಗೂ ಪಾಸ್‌ಪೋರ್ಟ್ ಇರಬೇಕು, ಕುತ್ತಿಗೆಯಲ್ಲಿ ಮೈಕ್ರೋಚಿಪ್ ಇರಬೇಕು. ಟಾಫಿಯ ಪಾಸ್‌ಪೋರ್ಟಿನಲ್ಲಿ ಇದನ್ನು ಮಾಂಸಕ್ಕೆ ಬಳಸುವಂತಿಲ್ಲವೆಂದು ಬರೆಸಿದ್ದೇನೆ. ಇದನ್ನು ಅಮ್ಮನಿಗೆ ತಪ್ಪದೆ ಓದಿ ಹೇಳಿ.

ಇದುವರೆಗೆ ಮೂರು ಮನೆಗಳನ್ನು ನೋಡಿದೆವು. ಮೊದಲನೆಯವರಿಗೆ ಮಕ್ಕಳು ಸವಾರಿ ಮಾಡಲು ಬೇಕಿತ್ತು. ಆಗುವುದಿಲ್ಲವೆಂದೆ. ಎರಡನೆಯದು ದೊಡ್ಡ ಹೈನಿನ ಮನೆ. ಮೊಣಕಾಲುದ್ದದ ಹಸಿರು ಹುಲ್ಲನ್ನು ತೋರಿಸಿ, ಇಲ್ಲಿ ಹಸಿವೆಂಬುದೇ ಇಲ್ಲ ಎಂದು ಅವರು ಹೆಮ್ಮೆಪಟ್ಟರು. ಆದರೆ ಟಾಫಿಗೆ ಆ ಹುಲ್ಲೇ ವಿಷ. ಹಸಿ ಹುಲ್ಲಿನ ಸಕ್ಕರೆ ಹೆಚ್ಚಾದರೆ ಗೊರಸಿನೊಳಗೆ ಉರಿಯೂತವಾಗಿ ಕಾಲೂರಲಾಗುವುದಿಲ್ಲ; ಲ್ಯಾಮಿನೈಟಿಸ್ ಎನ್ನುತ್ತಾರೆ, ಒಮ್ಮೆ ಅದಕ್ಕೆ ಬಂದೂ ಹೋಗಿದೆ. ಅದಕ್ಕಾಗಿಯೇ ನಾನು ಒಣಹುಲ್ಲನ್ನು ನೀರಿನಲ್ಲಿ ನೆನೆಸಿ, ಸಕ್ಕರೆ ಇಳಿಸಿ ಹಾಕುವುದು. ಕುದುರೆಗೆ ಹುಲ್ಲು ತೊಳೆದು ಹಾಕುತ್ತಾನಂತೆ ಎಂದು ಸುಬ್ಬಣ್ಣ ನಕ್ಕದ್ದು ಇದಕ್ಕೇ ಇರಬೇಕು.

ಮೂರನೆಯವರು ನಿವೃತ್ತ ಶಿಕ್ಷಕಿ. ಅವರ ಮುದಿ ಕುದುರೆಯ ಜೊತೆಗಾತಿ ಹೋದ ತಿಂಗಳು ತೀರಿಕೊಂಡಿತಂತೆ. ಕಳೆದ ಭಾನುವಾರ ಬಂದವರು ನನ್ನೊಡನೆ ಮಾತಾಡುವ ಮೊದಲೇ ಕೆಸರಿನಲ್ಲಿ ಮಂಡಿಯೂರಿ, ಟಾಫಿಯ ಮುಂಗಾಲೆತ್ತಿ, ಗೊರಸಿನ ಅಡಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಗೊರಸು ಹೆರೆಯುವವನು ಆರು ವಾರಕ್ಕೊಮ್ಮೆ ಬರುತ್ತಾನೋ, ಎಂಟು ವಾರಕ್ಕೋ ಎಂಬುದು ಅವರ ಮೊದಲ ಪ್ರಶ್ನೆಯಾಗಿತ್ತು. ಅವರ ಪಶುವೈದ್ಯರಿಗೆ ಫೋನ್ ಮಾಡಿ ವಿಚಾರಿಸಿದ್ದೇನೆ. ಅವರ ಹುಲ್ಲುಗಾವಲನ್ನೂ ನಡೆದು ನೋಡಿದೆ: ಹುಲ್ಲು ಬೋಳು, ಬೇಲಿ ಗಟ್ಟಿ, ದನಕುದುರೆಗಳ ಯಕೃತ್ತನ್ನು ಹಾಳುಮಾಡುವ ರಾಗ್‌ವರ್ಟ್ ಗಿಡ ಒಂದೂ ಕಾಣಲಿಲ್ಲ. ಶನಿವಾರ ಟಾಫಿಯನ್ನು ಒಂದು ತಿಂಗಳ ಮಟ್ಟಿಗೆ ಅಲ್ಲಿ ಬಿಟ್ಟು ಬರುತ್ತೇವೆ. ಎರಡೂ ಹೊಂದಿಕೊಂಡರೆ ಕರಾರಿಗೆ ಸಹಿ.

ನವೆಂಬರ್ ಕೊನೆಯಲ್ಲಿ ನಾನು ಹೊರಟು ಬರುವುದು ಖಂಡಿತ. ಟಿಕೆಟ್ಟಿನ ಹಣ ತೆಗೆದಿಟ್ಟಿದ್ದೇನೆ. ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋಗುತ್ತೇನೆ. ನನ್ನ ಆರೋಗ್ಯ ಚೆನ್ನಾಗಿದೆ, ಕೆಲಸ ಚೆನ್ನಾಗಿದೆ, ಬ್ಯಾಂಕಿನಲ್ಲಿ ಹಣವೂ ಇದೆ, ಚಳಿಯೂ ಹೇಳುವಷ್ಟಿಲ್ಲ. ಯಾವುದಕ್ಕೂ ಚಿಂತಿಸಬೇಡಿ, ಅಮ್ಮನಿಗೂ ಹೇಳಿ.

ನೆನೆಹಾಕಿದ ಹುಲ್ಲು ತೆಗೆಯುವ ಹೊತ್ತಾಯಿತು, ಗೇಟಿನ ಬಳಿ ಕೆನೆತ ಶುರುವಾಗಿದೆ. ಉಳಿದದ್ದು ಫೋನಿನಲ್ಲಿ.

ಇಂತಿ ನಿಮ್ಮ ಮಗ,
ರಾಘು