ಹಿತ್ತಲ ಕಾಯಿಪಲ್ಯೆ ಒಣಗಿಸಲು ಪಂಚಾಯಿತಿಗೊಂದು ಸೋಲಾರ್ ಡ್ರೈಯರ್ ಕೊಡಿ

ಸಂಪಾದಕರಿಗೆ ನಮಸ್ಕಾರ.

ಏಪ್ರಿಲ್ ಬಂದರೆ ಪತ್ರಿಕೆ ತುಂಬ ಬಿಸಿಲಿನದೇ ಸುದ್ದಿ. ರಾಯಚೂರಲ್ಲಿ ಎಷ್ಟು ಡಿಗ್ರಿ, ಬಳ್ಳಾರಿಯಲ್ಲಿ ಎಷ್ಟು, ಕೊಪ್ಪಳದಲ್ಲಿ ಎಷ್ಟು. ಬರೆಯಬೇಕು ನಿಜ, ಜನ ಸುಸ್ತಾಗುತ್ತಾರೆ. ಆದರೆ ಇದೇ ಬಿಸಿಲಿನಲ್ಲಿ ನಮ್ಮ ಹೆಣ್ಣುಮಕ್ಕಳು ಮಳೆಗಾಲದ ಪಲ್ಯೆ ಒಣಗಿಸಿಟ್ಟುಕೊಳ್ಳುತ್ತಿದ್ದರು. ಆ ಕೆಲಸ ಈಗ ಊರೂರಿನಲ್ಲಿ ನಿಲ್ಲುತ್ತಾ ಬಂದಿದೆ. ಅದನ್ನು ಯಾರೂ ಬರೆಯುತ್ತಿಲ್ಲ, ಅದಕ್ಕೇ ಈ ಪತ್ರ.

ನಾವು ಕೊಪ್ಪಳ ತಾಲ್ಲೂಕಿನ ಗಿಣಿಗೇರಾ ಕಡೆಯವರು, ನಮ್ಮ ಸುತ್ತಲೂ ಕಾರ್ಖಾನೆಗಳು. ಇಲ್ಲಿ ಹಿತ್ತಲಿದ್ದವರು ಬಚ್ಚಲ ನೀರು ಹರಿಸಿಕೊಂಡೇ ಚವಳಿ (ಗೋರಿಕಾಯಿ), ಬೆಂಡೆ, ಹೀರೆ, ಹಾಗಲ, ಬದನೆ, ಹಸಿಮೆಣಸಿನಕಾಯಿ ಬೆಳೆಯುತ್ತಾರೆ. ಮೇ ಕೊನೆಗೆ ರೋಹಿಣಿ ಮಳೆ ಹತ್ತಿರ ಬಂತೆಂದರೆ ಹಳೇ ಗಿಡಕ್ಕೆ ಹೇನು ಹತ್ತುತ್ತದೆ, ಎಲೆ ಹಳದಿಯಾಗುತ್ತದೆ, ಮುಂಗಾರು ಬೀಜಕ್ಕೆ ಜಾಗ ಬೇಕಾಗುತ್ತದೆ, ಹಾಗಾಗಿ ಗಿಡ ಕೀಳುವ ಮೊದಲು ಇದ್ದಬದ್ದ ಕಾಯಿಯೆಲ್ಲ ಒಟ್ಟಿಗೇ ಬಿಡಿಸಬೇಕು. ಒಂದೆರಡು ಹೀರೇಕಾಯಿ, ಬೆಂಡೇಕಾಯಿ ಮಾತ್ರ ಬೀಜಕ್ಕೆಂದು ಗಿಡದಲ್ಲೇ ಒಣಗಲು ಬಿಡುತ್ತೇವೆ. ಉಳಿದದ್ದು ಒಂದೇ ವಾರದಲ್ಲಿ ತಿಂದು ಮುಗಿಯುವಷ್ಟಲ್ಲ. ಸಂತೆಗೆ ಒಯ್ಯೋಣವೆಂದರೆ ಆಗ ಎಲ್ಲರ ಹತ್ತಿರವೂ ಅದೇ ಕಾಯಿ.

ಒಣಗಿಸುವುದೇ ದಾರಿ. ಆದರೆ ಎಲ್ಲಿ ಒಣಗಿಸುವುದು? ಮಾಳಿಗೆ ಮೇಲೆ ಬಿಳಿ ಪಂಚೆ ಹಾಸಿ ಹಾಗಲಕಾಯಿ ಬಿಲ್ಲೆ ಹರವಿ ನೋಡಿ. ಸಂಜೆ ಒಂದು ಬಿಲ್ಲೆ ಎತ್ತಿದರೆ ಅದರ ಕೆಳಗೆ ಮಾತ್ರ ಬಟ್ಟೆ ಬೆಳ್ಳಗಿರುತ್ತದೆ, ಸುತ್ತಲೂ ಕರಿ ಧೂಳು. ಕಾರ್ಖಾನೆ ಚಿಮಣಿಯಿಂದ ಬರುವ ಈ ಧೂಳು ಉಪ್ಪು ಹಚ್ಚಿದ ಹಸಿ ಹೋಳುಗಳಿಗೆ ಅಂಟಿಕೊಂಡುಬಿಡುತ್ತದೆ. ತೊಳೆದರೆ ಹೋಳು ಮತ್ತೆ ನೆನೆದು ಬೂಸಲು ಹಿಡಿಯುತ್ತದೆ. ಸಂಡೂರು ಕಡೆಯವರಿಗೆ ಅದಿರಿನ ಕೆಂಧೂಳು, ಶಕ್ತಿನಗರದ ಕಡೆಯವರಿಗೆ ವಿದ್ಯುತ್ ಸ್ಥಾವರದ ಹಾರುಬೂದಿ. ಹೀಗಾಗಿ ಎಷ್ಟೋ ಮನೆಗಳಲ್ಲಿ ಬಾಳಕ, ಅಂದರೆ ಮಜ್ಜಿಗೆ ಮೆಣಸಿನಕಾಯಿ, ಹಾಕುವುದನ್ನೇ ಬಿಟ್ಟು ಅಂಗಡಿಯ ಪ್ಯಾಕೆಟ್ ತರುತ್ತಾರೆ. ನನಗೆ ಇದು ತುಂಬಾ ಸಂಕಟದ ಸಂಗತಿ. ಬಾಳಕಕ್ಕೆ ದಪ್ಪ, ಕಡಿಮೆ ಖಾರದ ಕಾಯಿ ಆರಿಸಿ, ಬಗಲಲ್ಲಿ ಸೀಳಿ, ಉಪ್ಪು ಜೀರಿಗೆ ಹಾಕಿದ ಹುಳಿ ಮಜ್ಜಿಗೆಯಲ್ಲಿ ರಾತ್ರಿ ನೆನೆಸಿ, ಹಗಲು ಒಣಗಿಸಿ, ಸಂಜೆ ಮತ್ತೆ ಅದೇ ಮಜ್ಜಿಗೆಗೆ ಹಾಕಬೇಕು, ಮಜ್ಜಿಗೆಯೆಲ್ಲ ಹೀರಿಕೊಳ್ಳುವ ತನಕ. ಕಾಯಿ ಬೆಳ್ಳಗಾಗಿ ಗಲಗಲ ಅನ್ನಬೇಕು. ಜೋಳದ ರೊಟ್ಟಿ, ಬೇಳೆ ಜೊತೆ ಕರಿದಿಟ್ಟರೆ ಮಳೆಗಾಲದಲ್ಲಿ ಬೇರೆ ಪಲ್ಯೆಯೇ ಬೇಡ ಅನ್ನಿಸುತ್ತದೆ, ಅಲ್ವಾ?

ಇದಕ್ಕೆ ಉಪಾಯವಿದೆ, ಅದೇ ಸೋಲಾರ್ ಡ್ರೈಯರ್. ಮೇಲೆ ಗಾಜು ಅಥವಾ ದಪ್ಪ ಪ್ಲಾಸ್ಟಿಕ್ ಹಾಳೆ, ಒಳಗೆ ಜಾಲರಿ ತಟ್ಟೆಗಳು. ಕೆಳಗಿನ ಕಿಂಡಿಯಿಂದ ಗಾಳಿ ಒಳಗೆ ಬಂದು, ಬಿಸಿಯಾಗಿ, ತೇವ ಹೊತ್ತು ಮೇಲಿನ ಕಿಂಡಿಯಿಂದ ಹೋಗುತ್ತದೆ. ಕಿಂಡಿಗೆ ಸಣ್ಣ ಜಾಲರಿ ಬಟ್ಟೆ ಕಟ್ಟಿದರೆ ನೊಣ ಬರುವುದಿಲ್ಲ, ಧೂಳೂ ಬಹಳ ಕಡಿಮೆ. ಒಳಗೆ 55ರಿಂದ 60 ಡಿಗ್ರಿ ಸಿಕ್ಕರೆ ತರಕಾರಿಗೆ ಸಾಕು. ನಮ್ಮ ಬಿಸಿಲಿಗೆ ಅದು ಕಷ್ಟವೇ ಅಲ್ಲ. ಸೊಪ್ಪಿಗೆ ನೇರ ಬಿಸಿಲು ಬಿದ್ದರೆ ಬಣ್ಣವೂ ಸತ್ವವೂ ಹೋಗುತ್ತವೆ, ಪುಂಡಿಪಲ್ಯೆ ಹಾಕುವಾಗ ಮೇಲೊಂದು ಕರಿ ಬಟ್ಟೆ ಹೊದಿಸಿದರಾಯಿತು.

ಡ್ರೈಯರ್ ಕೊಟ್ಟರಷ್ಟೇ ಸಾಲದು, ಹೇಳಿಕೊಡುವವರೂ ಬೇಕು. ಚವಳಿಕಾಯಿಯನ್ನು ಉಪ್ಪು ಹಾಕಿದ ಕುದಿಯುವ ನೀರಲ್ಲಿ ಎರಡು ಮೂರು ನಿಮಿಷ ಅದ್ದಿ, ತಣ್ಣೀರಿಗೆ ಹಾಕಿ ಬಸಿದು ಒಣಗಿಸಿದರೆ ಹಸಿರು ಬಣ್ಣ ನಿಲ್ಲುತ್ತದೆ. ಬೆಂಡೆ, ಚವಳಿ ಮುರಿದರೆ ಟಕ್ ಅನ್ನಬೇಕು. ಟೊಮ್ಯಾಟೊ ಮಾತ್ರ ಚರ್ಮದಂತೆ ಬಾಗಿದರೂ ಸಾಕು. ಒಣಗಿದ್ದನ್ನು ತಣ್ಣಗಾಗಲು ಬಿಟ್ಟು ಗಾಜಿನ ಬಾಟಲಿಗೆ ಸಡಿಲವಾಗಿ ತುಂಬಿ ಒಂದು ವಾರ ದಿನಾ ಅಲ್ಲಾಡಿಸಬೇಕು. ಗಾಜಿನ ಒಳಗೆ ಬೆವರು ಕಂಡರೆ ಮತ್ತೆ ಒಣಗಿಸಬೇಕು. ಇಷ್ಟು ಮಾಡದೆ ಡಬ್ಬಿ ಮುಚ್ಚಿಟ್ಟು, ಶ್ರಾವಣದಲ್ಲಿ ತೆಗೆದು ತಿಪ್ಪೆಗೆ ಹಾಕುವವರು ಜಾಸ್ತಿ.

ಇನ್ನೊಂದು ಮಾತು ಗಟ್ಟಿಯಾಗಿ ಹೇಳಬೇಕು. ಯೂಟ್ಯೂಬ್ ನೋಡಿ ತರಕಾರಿಯನ್ನು ಸುಮ್ನೆ ನೀರಲ್ಲಿ ಕುದಿಸಿ, ಬಾಟಲಿಗೆ ತುಂಬಿ ಗಾಳಿಯಾಡದಂತೆ ಮುಚ್ಚಿಡುವವರಿದ್ದಾರೆ. ದಯವಿಟ್ಟು ಬೇಡ. ಹುಳಿಯೂ ಗಾಳಿಯೂ ಇಲ್ಲದ ಕಡೆ ಬೊಟುಲಿನಮ್ ಎಂಬ ಬ್ಯಾಕ್ಟೀರಿಯಾ ಬೆಳೆದು ವಿಷ ಮಾಡುತ್ತದೆ. ಅದರ ಬೀಜಾಣು ಕುದಿಯುವ ನೀರಿಗೂ ಸಾಯುವುದಿಲ್ಲ. ವಾಸನೆಯಿಂದಲೂ ಬಣ್ಣದಿಂದಲೂ ಗೊತ್ತಾಗದೇ ಇರಬಹುದು, ಜೀವಕ್ಕೇ ಅಪಾಯ. ಹಸಿ ಇಡುವುದಾದರೆ ಉಪ್ಪು, ಹುಳಿ ಸರಿಯಾಗಿ ಬಿದ್ದ ಉಪ್ಪಿನಕಾಯಿ ಹಾಕಿ, ಇಲ್ಲವಾದರೆ ಪೂರ್ತಿ ಒಣಗಿಸಿ.

ರಾಯಚೂರಿನಲ್ಲಿ 2009ರಿಂದ ಕೃಷಿ ವಿಶ್ವವಿದ್ಯಾಲಯವಿದೆ. ಗಂಗಾವತಿಯಲ್ಲಿ, ಬಳ್ಳಾರಿಯ ಹಗರಿಯಲ್ಲಿ ಕೃಷಿ ವಿಜ್ಞಾನ ಕೇಂದ್ರಗಳಿವೆ. ಮಹಿಳಾ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟಗಳು ಪಂಚಾಯಿತಿ ಮಟ್ಟದಲ್ಲೇ ಇವೆ. 2020ರಲ್ಲಿ ಶುರುವಾದ ಕೇಂದ್ರದ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ, ಆಹಾರ ತಯಾರಿಸುವ ಸ್ವಸಹಾಯ ಸಂಘಗಳ ಸದಸ್ಯರಿಗೆ ತಲಾ 40,000 ರೂಪಾಯಿವರೆಗೆ ಬೀಜಧನ (ಕೆಲಸಕ್ಕೆ ಬೇಕಾದ ಆರಂಭದ ಬಂಡವಾಳ) ಇಟ್ಟಿದ್ದಾರೆ. ಇವರನ್ನೆಲ್ಲ ಒಂದು ಕಡೆ ಕೂರಿಸುವವರು ಬೇಕು, ಆ ಕೆಲಸ ಜಿಲ್ಲಾ ಪಂಚಾಯಿತಿಯವರು ಮಾಡಲಿ. ಮೊದಲು ಧೂಳಿನ ಊರುಗಳಿಗೆ ಒಂದೊಂದು ಡ್ರೈಯರ್ ಕೊಡಲಿ, ಅದರ ಖರ್ಚಿನಲ್ಲಿ ಸುತ್ತಲಿನ ಕಾರ್ಖಾನೆಯವರೂ ಪಾಲು ಹಾಕಲಿ. ತರಬೇತಿಯನ್ನು ನವೆಂಬರಿನಲ್ಲಿ ಕಚೇರಿಯ ಹಾಲ್‌ನಲ್ಲಿ ಇಡಬೇಡಿ. ಮೇ ತಿಂಗಳಲ್ಲಿ, ಮೃಗಶಿರಾ ಮಳೆಗೆ ಮೊದಲು, ಊರಿಗೇ ಬಂದು ನಮ್ಮ ಕಾಯಿಯನ್ನೇ ಕತ್ತರಿಸಿ ತೋರಿಸಿ. ಸಂಪಾದಕರೇ, ನೀವೂ ಬಿಸಿಲಿನ ಸುದ್ದಿಯ ಪಕ್ಕದಲ್ಲಿ ವಾರಕ್ಕೊಂದು ಸಲ ಒಣಗಿಸುವ ವಿಧಾನಕ್ಕೆ ನಾಲ್ಕು ಸಾಲು ಜಾಗ ಕೊಡಿ.

ಒಬ್ಬ ಓದುಗಳು,
ಕೊಪ್ಪಳ ತಾಲ್ಲೂಕು