ಎರಡನೆಯ ಬದಿಯನ್ನೂ ಕೇಳು

ಕಲಬುರಗಿ
ಭಾನುವಾರ ರಾತ್ರಿ

ಪ್ರೀತಿಯ ಮಗಳೇ,

ಶರಣು.

ಹುಡುಗರ ತಂಡವೊಂದರ ಹೊಸ ಆಲ್ಬಮ್ಮಿನ ಬಗ್ಗೆ ನೀನು ಬರೆದ ಲೇಖನ ಓದಿದೆ. ಆ ಆಲ್ಬಮ್ಮನ್ನೂ ಕೇಳಿದೆ, ಉತ್ತರ ತಡವಾದದ್ದು ಅದಕ್ಕೇ. ಒಂಬತ್ತು ಹಾಡು, 41 ನಿಮಿಷ. ಮೊದಲ ಸಲ ಹಗಲಿನಲ್ಲಿ ಕೇಳಿದೆ. ಕೂಲರಿನ ಸದ್ದಿನಲ್ಲಿ ಅರ್ಧ ಕೊಚ್ಚಿಹೋಯಿತು. ಎರಡನೆಯ ಸಲ ರಾತ್ರಿ ಮಾಳಿಗೆಯ ಮೇಲೆ ಹಾಸಿಗೆ ಹಾಕಿ, ಕಿವಿಗೆ ಇಯರ್‌ಫೋನ್ ಹಚ್ಚಿಕೊಂಡು ಕೇಳಿದೆ. ಬೇಸಿಗೆಯಲ್ಲಿ ನಮ್ಮೂರಿಗೆ ಗಾಳಿ ಬಿಡುವುದೇ ಹನ್ನೊಂದರ ಮೇಲೆ, ನಿನಗೆ ಗೊತ್ತಲ್ಲ. ಮೂರನೆಯ ಸಲ ನಿನ್ನ ಹಾಳೆಗಳನ್ನು ತೊಡೆಯ ಮೇಲಿಟ್ಟುಕೊಂಡು, ನಿನ್ನ ಒಂದೊಂದು ವಾಕ್ಯಕ್ಕೂ ಹಾಡನ್ನು ನಿಲ್ಲಿಸಿ ನಿಲ್ಲಿಸಿ ಕೇಳಿದೆ.

‘ಕಾಕಾ, ಮುಲಾಜಿಲ್ಲದೆ ಹೇಳಿ’ ಎಂದು ಬರೆದಿದ್ದೀಯ. ಹೇಳುತ್ತೇನೆ. ನಿನಗೆ ಕಿವಿ ಇದೆ. ಆ ಕಿವಿ ಕೇಳಿದ್ದು ಮಾತ್ರ ಲೇಖನಕ್ಕೆ ಇನ್ನೂ ಬಂದಿಲ್ಲ. ‘ಮಂತ್ರಮುಗ್ಧ’ ಮೂರು ಕಡೆ ಇದೆ, ‘ಹೊಸ ಅಲೆ’ ಎರಡು ಕಡೆ, ‘ವಿಭಿನ್ನ ಪ್ರಯತ್ನ’ ತಲೆಬರಹದಲ್ಲೂ ಇದೆ, ಕೊನೆಯ ಸಾಲಿನಲ್ಲೂ ಇದೆ. ಈ ಮಾತುಗಳನ್ನು ಕಿತ್ತು ಬೇರೆ ಯಾವ ಆಲ್ಬಮ್ಮಿನ ಲೇಖನಕ್ಕೆ ಹಚ್ಚಿದರೂ ಕೂಡುತ್ತವೆ. ನಿನಗೆ ಇಷ್ಟವಾಯಿತೆಂದು ತಿಳಿಯುತ್ತದೆ, ಏನು ಇಷ್ಟವಾಯಿತೆಂದು ತಿಳಿಯುವುದಿಲ್ಲ. ಹಳೆಯ ಹಾಡಾದರೆ ಹೆಸರು ಹೇಳಿದೊಡನೆ ಓದುವವರ ಕಿವಿಯಲ್ಲಿ ಅದು ತಾನೇ ಏಳುತ್ತದೆ. ಮೊನ್ನೆ ಬಂದ ಹಾಡಿಗೆ ನಿನ್ನ ವಾಕ್ಯವೇ ಗತಿ.

ಐದನೆಯ ಹಾಡನ್ನೇ ತೆಗೆದುಕೊ. ನೀನು ಅದಕ್ಕೆ ಕೊಟ್ಟದ್ದು ಒಂದೇ ಸಾಲು: ‘ಜಾನಪದ ಮತ್ತು ರಾಕ್ ಸಂಗೀತದ ಅಪೂರ್ವ ಸಂಗಮ.’ ನಾನು ಕೇಳಿದ್ದು ಹೀಗೆ. ಮೊದಲು ಏಕತಾರಿ ಒಂದೇ. ತಂತಿ ತುಸು ಸಡಿಲು. ಮೀಟಿದಾಗ ಸ್ವರ ಮೇಲೆದ್ದು ಮತ್ತೆ ತನ್ನ ಜಾಗಕ್ಕೆ ಇಳಿದು ಕೂಡುತ್ತದೆ. ಸ್ಟುಡಿಯೋದಲ್ಲಿ ಅದನ್ನು ಸರಿಪಡಿಸಬಹುದಿತ್ತು, ಅವರು ಹಾಗೆಯೇ ಬಿಟ್ಟಿದ್ದಾರೆ. ಇಪ್ಪತ್ತು ಸೆಕೆಂಡಿನ ಮೇಲೆ ಬಾಸ್ ಗಿಟಾರ್ ಅದೇ ಷಡ್ಜವನ್ನು, ‘ಸ’ ಸ್ವರವನ್ನು, ಹಿಡಿಯುತ್ತದೆ, ಆಗ ಏಕತಾರಿಯ ನಡುಕ ಇನ್ನಷ್ಟು ನಿಚ್ಚಳವಾಗುತ್ತದೆ. ದಮ್ಮಡಿ ಬರುವುದು ಎರಡನೆಯ ನುಡಿಗೆ, ಅಂದರೆ ಎರಡನೆಯ ಚರಣಕ್ಕೆ. ಡ್ರಮ್ಸ್ ಅಳತೆಗೋಲು ಹಿಡಿದಂತೆ ನಡೆಯುತ್ತಿದ್ದರೆ ದಮ್ಮಡಿಯ ಪೆಟ್ಟು ಕೂದಲೆಳೆಯಷ್ಟು ಹಿಂದೆ ಬೀಳುತ್ತದೆ. ಬಾರಿಸಿದವನ ತಾಳ ತಪ್ಪಿಲ್ಲ. ಭಜನೆಯಲ್ಲಿ ಕೂತು ಪಳಗಿದ ಕೈ ಅದು. ಹಾಡುವವನ ಉಸಿರು ನೋಡಿಕೊಂಡು ಬೀಳುತ್ತದೆ. ಈ ಎರಡು ಲಯಗಳ ನಡುವಿನ ಸಣ್ಣ ಸಂದಿನಲ್ಲಿ ಇಡೀ ಹಾಡು ನಿಂತಿದೆ. ‘ಸಂಗಮ’ ಎಂಬ ಮಾತಿಗೆ ನನ್ನ ತಕರಾರು ಇರುವುದು ಇಲ್ಲೇ. ಅವೆರಡೂ ಸೇರುವುದೇ ಇಲ್ಲ. ಒಂದೇ ಹೊಲದ ಬದುವಿನ ಮೇಲೆ ಹಿಂದೆ ಮುಂದೆ ನಡೆಯುತ್ತವೆ, ಹಾಡು ಚೆನ್ನಾಗಿರುವುದು ಅದರಿಂದಲೇ.

ಇದನ್ನು ನೀನು ನನಗಿಂತ ಚೆನ್ನಾಗಿ ಬರೆಯಬಲ್ಲೆ. ಅಜ್ಜನ ಜೊತೆ ಅಮಾವಾಸ್ಯೆಯ ಭಜನೆಗೆ ಹೋಗಿ, ಚಳ್ಳಮ (ತಾಳ) ಹಿಡಿದು ಬೆಳಗಿನ ಜಾವದವರೆಗೆ ಕೂತವಳು ನೀನು. ತತ್ವಪದಕಾರ ಕಡಕೋಳ ಮಡಿವಾಳಪ್ಪನವರ ಪದಗಳು ನಿನಗೆ ಪುಸ್ತಕದಿಂದ ಬಂದವಲ್ಲ. ಹಾಗಿದ್ದೂ ಆ ಹಾಡಿನ ಒಂದು ಸಂಗತಿ ನಿನ್ನ ಗಮನಕ್ಕೆ ಬಂದಿಲ್ಲ, ಇಲ್ಲವೇ ಬಂದರೂ ಬರೆಯಲು ಅಂಜಿದ್ದೀಯ. ಅವರು ಹಾಡಿದ ತತ್ವಪದದಲ್ಲಿ ಕೊನೆಯ ನುಡಿ ಇಲ್ಲ. ಮೂರು ನುಡಿ ಆದ ಮೇಲೆ ಗಿಟಾರ್ ಒಂದು ನಿಮಿಷ ಏರುತ್ತ ಹೋಗಿ ಹಾಡು ಮುಗಿದುಬಿಡುತ್ತದೆ. ಅಂಕಿತ, ಅಂದರೆ ಪದ ಕಟ್ಟಿದವರ ಗುರುತಿನ ಮುದ್ರೆ, ಇರುವುದು ಆ ಕೊನೆಯ ನುಡಿಯಲ್ಲಿ. ಪದ ಕಟ್ಟಿದವರು ಗುರುವನ್ನು ನೆನೆದು ಕೈಮುಗಿಯುವ ಜಾಗ ಅದು. ಅಂಕಿತ ಹಾಡದೆ ಪದ ಮುಗಿಸಿದ ಭಜನೆಯನ್ನು ನಾನಂತೂ ಕಂಡಿಲ್ಲ. ಈ ಹುಡುಗರು ಅದನ್ನು ಗಿಟಾರಿಗೆ ಜಾಗ ಮಾಡಲು ಬಿಟ್ಟರೋ, ತಿಳಿಯದೆ ಬಿಟ್ಟರೋ, ಅವರಿಗೇ ಗೊತ್ತು. ಬಿಟ್ಟಿದ್ದಾರೆ ಎಂದು ಹೇಳುವುದು ನಿನ್ನ ಕೆಲಸ. ‘ಕಲಬುರಗಿಯಲ್ಲಿ ಕೂತು ಹೊಸ ಸಂಗೀತದ ಬಗ್ಗೆ ಬರೆಯಲು ನಮಗೇನು ಗೊತ್ತಿದೆ’ ಎಂದು ಕೇಳಿದ್ದೀಯಲ್ಲ, ಇದು ಗೊತ್ತಿದೆ. ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಕೂತು ಬರೆಯುವ ಬಹಳಷ್ಟು ಮಂದಿಗೆ ಆ ನುಡಿ ಇಲ್ಲದ್ದು ಕೇಳಿಸುವುದೇ ಇಲ್ಲ.

ಕವ್ವಾಲಿಯದೂ ಹಾಗೆಯೇ. ನಮ್ಮೂರ ಸೂಫಿ ಸಂತ ಬಂದೇ ನವಾಜರ ಉರುಸಿನಲ್ಲಿ ಒಂದೇ ಸಾಲನ್ನು ಹತ್ತು ಸಲ ಹಾಡುವಾಗ, ಒಂದೊಂದು ಸಲಕ್ಕೆ ಒಂದೊಂದು ಪದದ ಮೇಲೆ ಭಾರ ಬೀಳುವುದನ್ನು ನೀನು ಕೇಳಿದ್ದೀಯ. ಏಳನೆಯ ಹಾಡಿನಲ್ಲಿ ಗಿಟಾರಿನ ಸಣ್ಣ ತುಣುಕೊಂದು ನಾಲ್ಕು ನಿಮಿಷ ಮರಳಿ ಮರಳಿ ಬರುತ್ತದೆ ಎಂಬ ಕಾರಣಕ್ಕೆ ‘ಏಕತಾನತೆ’ ಎಂದು ಬರೆದೆ. ಇನ್ನೊಮ್ಮೆ ಕೇಳು. ತುಣುಕು ಅದೇ, ಅದರ ಕೆಳಗಿನ ನೆಲ ಸರಿಯುತ್ತಿದೆ. ಬಾಸ್ ಒಂದೊಂದೇ ಸ್ವರ ಕೆಳಗಿಳಿಯುತ್ತಿದೆ. ನೀನು ಅದನ್ನು ಮೊಬೈಲಿನ ಸ್ಪೀಕರಿನಲ್ಲಿ ಕೇಳಿರಬೇಕು. ಬಾಸ್ ಗಿಟಾರಿನ ದಪ್ಪ ತಂತಿ ನುಡಿಯುವುದು ಸುಮಾರು 41 ಹರ್ಟ್ಜ್‌ನಲ್ಲಿ, ಅಂದರೆ ಸೆಕೆಂಡಿಗೆ ಅಷ್ಟೇ ಕಂಪನ, ಬಹಳ ತಗ್ಗಿನ ಸ್ವರ. ಅಂಗೈಯಗಲದ ಫೋನಿಗೆ ಆ ಸ್ವರ ಹೊರಡಿಸುವ ತ್ರಾಣವಿಲ್ಲ. ನಿನಗೆ ಸಿಕ್ಕದ್ದು ಅರ್ಧ ಹಾಡು. ದುಬಾರಿಯದೇನೂ ಬೇಡ, ಸಾಧಾರಣ ಇಯರ್‌ಫೋನ್ ಸಾಕು.

ಕವ್ವಾಲಿಯ ಜೊತೆ ಉರ್ದುವಿನ ಮಾತೂ ಬಂದದ್ದಕ್ಕೆ ಇನ್ನೊಂದು ಹೇಳುತ್ತೇನೆ. ಬೆಂಗಳೂರಿನ ಪರ್ವಾಜ್ ತಂಡ ಉರ್ದು, ಕಾಶ್ಮೀರಿಗಳಲ್ಲಿ ಹಾಡುತ್ತದೆ. ಅವರ ‘ಬಾರನ್’ ಆಲ್ಬಮ್ ಬಂದದ್ದು 2014ರಲ್ಲಿ. ಓಣಿಯ ದಖನಿ ಉರ್ದು ಕೇಳುತ್ತ ಬೆಳೆದ ನಮಗೆ ಆ ಉರ್ದು ದೂರದ್ದಲ್ಲ. ಭಾಷೆ ಕನ್ನಡವಲ್ಲ ಎಂದು ಇಂಥ ಆಲ್ಬಮ್‌ಗಳನ್ನು ಪಕ್ಕಕ್ಕಿಡಬೇಡ. ಕನ್ನಡದಲ್ಲಿ ಅವುಗಳ ಬಗ್ಗೆ ಬರೆಯುವವರು ಬೇಕಾಗಿದ್ದಾರೆ.

‘ಕನ್ನಡದಲ್ಲಿ ಇಂಥದು ಇದೇ ಮೊದಲು’ ಎಂಬ ವಾಕ್ಯವನ್ನು ದಯವಿಟ್ಟು ಹೊಡೆದುಹಾಕು. ಶಿಶುನಾಳ ಷರೀಫರ ಪದಗಳನ್ನು ಸಿ. ಅಶ್ವಥ್ ಅವರ ಕ್ಯಾಸೆಟ್‌ಗಳು ಎಂದೋ ಮನೆಮನೆಗೆ ಮುಟ್ಟಿಸಿದ್ದವು. ಅದೇ ಷರೀಫರನ್ನು ಗಿಟಾರು, ಡ್ರಮ್ಸ್ ಜೊತೆ ಹಾಡಿದ ರಘು ದೀಕ್ಷಿತರ ಮೊದಲ ಆಲ್ಬಮ್ 2008ರದು. ಮರುವರ್ಷ ಸ್ವರಾತ್ಮ ತಂಡದ ಮೊದಲ ಆಲ್ಬಮ್ ಬಂತು. ನೀನಾಗ ಅಂಗನವಾಡಿಗೆ ಹೋಗುತ್ತಿದ್ದೆ, ಗೊತ್ತಿಲ್ಲದ್ದು ತಪ್ಪಲ್ಲ. ‘ಮೊದಲು’ ಎಂದು ಬರೆಯುವ ಮುನ್ನ ಹಿಂದಿನದನ್ನು ಕೇಳಿಕೊಂಡು ಬರಬೇಕಿತ್ತು. ಆ ದಾರಿ ಸವೆದಿದೆ ಎಂದು ತಿಳಿದ ಮೇಲೆ ಈ ಹುಡುಗರು ಎಲ್ಲಿ ಹೊರಳಿಕೊಂಡರು ಎಂಬುದು ಕಣ್ಣಿಗೆ ಬೀಳುತ್ತದೆ. ಹಿಂದಿನವರು ಸಭೆಯೇ ಎದ್ದು ಕುಣಿಯುವಂತೆ ಹಾಡಿದ್ದರು. ಇವರು ಪದವನ್ನು ಮತ್ತೆ ಒಬ್ಬಂಟಿಯ ಗುನುಗಿಗೆ ತಂದಿದ್ದಾರೆ.

ಈಗ ನನ್ನದೊಂದು ತಪ್ಪು ಹೇಳಬೇಕು. ಕ್ಯಾಸೆಟ್ ಕಾಲದಲ್ಲಿ ನಾನು ಒಂದು ಪತ್ರಿಕೆಗೆ ಬರೆಯುತ್ತಿದ್ದೆ. ಹಳ್ಳಿಯ ಮಾಸ್ತರರೊಬ್ಬರು ಸಾಲ ಮಾಡಿ ಹೊರತಂದ ಹಾಡುಗಳ ಕ್ಯಾಸೆಟ್ ಬಂತು. 60 ನಿಮಿಷದ್ದು, ಬದಿಗೆ ಅರ್ಧ ತಾಸು. ಸಂಜೆಯೊಳಗೆ ಬರೆದು ಕೊಡಬೇಕಿತ್ತು. ‘ಎ’ ಬದಿಯನ್ನಷ್ಟೇ ಕೇಳಿ, ಎಲ್ಲ ಹಾಡಿಗೂ ಅದೇ ಧಾಟಿ, ಅದೇ ಹಾರ್ಮೋನಿಯಂ ಎಂದು ಬರೆದೆ. ಅಚ್ಚಾಯಿತು. ತಿಂಗಳ ಮೇಲೆ ಬಸ್ ನಿಲ್ದಾಣದಲ್ಲಿ ಅವರೇ ಎದುರಾದರು. ಜಗಳ ತೆಗೆಯಲಿಲ್ಲ, ಚಹಾ ಕುಡಿಸಿದರು. ‘ಎರಡನೆಯ ಬದಿಯಲ್ಲಿ ನಮ್ಮ ಅವ್ವ ಹಾಡಿದ್ದಾಳೆ, ಹೇಗೆ ಅನ್ನಿಸಿತು ಸರ್?’ ಎಂದು ಕೇಳಿದರು. ನನ್ನ ಬಾಯಿಂದ ಮಾತು ಹೊರಡಲಿಲ್ಲ. ಮನೆಗೆ ಬಂದು ಕ್ಯಾಸೆಟ್ ತಿರುವಿ ಹಾಕಿದೆ. ವಾದ್ಯವೇ ಇಲ್ಲ. ಬೀಸುವ ಕಲ್ಲಿನ ಗರಗರ, ಹಿಡಿ ಜೋಳ ಹಾಕಿದಾಗ ಆ ಸದ್ದು ಒಂದು ಕ್ಷಣ ತಗ್ಗಿ ದಪ್ಪವಾಗುವುದು, ಅದರ ಮೇಲೆ ಮುದುಕಿಯ ದನಿ. ಅರ್ಧ ತಾಸು ಅದೇ. ಅವರಿಗೆ ಪತ್ರ ಬರೆದು ಕ್ಷಮೆ ಕೇಳಿದೆ. ಪತ್ರಿಕೆಯಲ್ಲಿ ತಿದ್ದುಪಡಿ ಹಾಕಿಸಲು ಹೋದರೆ, ಇಷ್ಟು ಸಣ್ಣ ವಿಷಯಕ್ಕೆ ಜಾಗವಿಲ್ಲ ಎಂದರು. ಮೂವತ್ತು ವರ್ಷದ ಮೇಲಾಯಿತು, ಆ ಮಾಸ್ತರರ ದನಿ ನನಗಿನ್ನೂ ನೆನಪಿದೆ.

ನಿನ್ನ ಕಾಲದಲ್ಲಿ ಬದಿಗಳಿಲ್ಲ, ಹಾಡುಗಳ ಸರದಿ ಇದೆ. ಬದಿಗೆ ಮೂರು ನಾಲ್ಕು ನಿಮಿಷ ಹಿಡಿಸುತ್ತಿದ್ದ 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತಿನ) ಗ್ರಾಮಫೋನ್ ತಟ್ಟೆಗಳನ್ನು ಫೋಟೋ ಆಲ್ಬಮ್ಮಿನಂಥ ಪುಸ್ತಕದಲ್ಲಿ ಸೇರಿಸಿ ಮಾರುತ್ತಿದ್ದರು. ಆಲ್ಬಮ್ ಎಂಬ ಹೆಸರು ಬಂದದ್ದು ಹಾಗೆ. 1948ರಲ್ಲಿ ಎಲ್‌ಪಿ ತಟ್ಟೆ ಬಂದು, ಬದಿಗೆ ಇಪ್ಪತ್ತು ನಿಮಿಷಕ್ಕೂ ಮಿಕ್ಕಿ ಹಿಡಿಸತೊಡಗಿದಾಗ ಯಾವ ಹಾಡಿನ ಬೆನ್ನಿಗೆ ಯಾವುದು ಎನ್ನುವುದೂ ಕಟ್ಟುವ ಕೆಲಸದ ಭಾಗವಾಯಿತು. ಇಂದಿನ ಸ್ಟ್ರೀಮಿಂಗ್ ಇನ್ನೊಂದು ಕಡೆಗೆ ಎಳೆಯುತ್ತದೆ. ಸ್ಪಾಟಿಫೈಯಲ್ಲಿ 30 ಸೆಕೆಂಡು ಕೇಳಿದರೆ ಒಂದು ಎಣಿಕೆ, ಆದ್ದರಿಂದ ಎಷ್ಟೋ ಜನ ಹಾಡಿನ ಸತ್ವವನ್ನೆಲ್ಲ ಮೊದಲ ಅರ್ಧ ನಿಮಿಷಕ್ಕೇ ತುರುಕುತ್ತಾರೆ. ಈ ಹುಡುಗರು ಅದೇ ಅರ್ಧ ನಿಮಿಷದಲ್ಲಿ ಇಪ್ಪತ್ತು ಸೆಕೆಂಡನ್ನು ಸಡಿಲು ಏಕತಾರಿಗೆ ಬಿಟ್ಟುಕೊಟ್ಟಿದ್ದಾರೆ. ಅದೂ ನಾಲ್ಕನೆಯ ಹಾಡಿನ ಅಷ್ಟು ಗದ್ದಲದ ಬೆನ್ನಿಗೆ. ಐದನೆಯದನ್ನು ಒಂದೇ ಕೇಳಿದರೆ ಅದರ ಬೆಲೆ ತಿಳಿಯುವುದಿಲ್ಲ. ನೀನು ಹಾಡುಗಳನ್ನು ಹಿಂದೆ ಮುಂದೆ ಮಾಡಿ ಕೇಳಿದ್ದೀಯ ಎಂದು ನನ್ನ ಗುಮಾನಿ.

‘ಇಂಡೀ ಶೈಲಿ’ ಎಂದೂ ಬರೆದಿದ್ದೀಯ. ಇಂಡೀ ಎಂದರೆ ‘ಇಂಡಿಪೆಂಡೆಂಟ್’, ಸ್ವತಂತ್ರ. ಅದು ಹುಟ್ಟಿದ್ದು ಶೈಲಿಯಾಗಿ ಅಲ್ಲ. ದುಡ್ಡು ಯಾರದು, ತೀರ್ಮಾನ ಯಾರದು ಎಂಬುದರ ಹೆಸರಾಗಿ. ಮ್ಯಾಂಚೆಸ್ಟರಿನ ಬಜ್‌ಕಾಕ್ಸ್ ತಂಡ 500 ಪೌಂಡ್ ಕೈಗಡ ತಂದು, ತನ್ನ ನಾಲ್ಕು ಹಾಡುಗಳ ತಟ್ಟೆಯನ್ನು 1977ರ ಜನವರಿಯಲ್ಲಿ ತಾನೇ ಹೊರತಂದಿತು. ಮೊದಲು ಒತ್ತಿಸಿದ್ದು 1,000 ಪ್ರತಿ. ನಮ್ಮ ಮಾಸ್ತರರು ಮಾಡಿದ್ದೂ ಇದೇ ಕೆಲಸ, ಅದಕ್ಕೊಂದು ಹೆಸರಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ಇನ್ನು ಪೇಟೆಯ ಸಂಗೀತಕ್ಕೆ ಪರ್ಯಾಯ ಎಂಬರ್ಥದ ‘ಆಲ್ಟರ್ನೇಟಿವ್’ ಎಂಬ ಪದ, 1991ರಲ್ಲಿ ಅಮೆರಿಕದ ನಿರ್ವಾಣ ತಂಡದ ‘ನೆವರ್‌ಮೈಂಡ್’ ದೊಡ್ಡ ಕಂಪನಿಯಿಂದ ಬಂದು ಲಕ್ಷಗಟ್ಟಲೆ ಮಾರಾಟವಾದ ಮೇಲೆ, ಪೇಟೆಯದೇ ಪದವಾಯಿತು. ಹಣೆಪಟ್ಟಿ ಬೇಕಾದರೆ ಒಂದು ಸಲ ಬರೆ. ಗಿಟಾರಿನ ಸದ್ದು ಒರಟೋ ನಯವೋ, ದನಿ ವಾದ್ಯಗಳ ಮುಂದಿದೆಯೋ ಅವುಗಳಲ್ಲಿ ಮುಳುಗಿದೆಯೋ, ಮಾತು ಅರ್ಥವಾಗುತ್ತದೆಯೋ ಇಲ್ಲವೋ, ಅದನ್ನು ಮಾತ್ರ ಬಿಡಬೇಡ.

2015ರ ಜುಲೈಯಿಂದ ಜಗತ್ತಿನ ಬಹುಪಾಲು ಹೊಸ ಆಲ್ಬಮ್‌ಗಳು ಶುಕ್ರವಾರ ಬಿಡುಗಡೆಯಾಗುತ್ತವೆ. ಶನಿವಾರದ ಹೊತ್ತಿಗೆ ಎಲ್ಲರ ತೀರ್ಪು ಮುಗಿದಿರುತ್ತದೆ. ನೀನು ಮುಂದಿನ ಶುಕ್ರವಾರದವರೆಗೆ ತಡೆದುಕೊ. ಮೊದಲ ದಿನ ಅನ್ನಿಸಿದ್ದನ್ನು ಚೀಟಿಯಲ್ಲಿ ಬರೆದು ಮಡಚಿಡು. ವಾರದ ಮೇಲೆ ಬಿಚ್ಚಿ ನೋಡಿದಾಗ ಅಭಿಪ್ರಾಯ ಬದಲಾಗಿದ್ದರೆ, ಬದಲಾಯಿತು ಎಂಬುದನ್ನೂ, ಎಷ್ಟನೆಯ ಸಲಕ್ಕೆ ಬದಲಾಯಿತು ಎಂಬುದನ್ನೂ ಲೇಖನದಲ್ಲೇ ಬರೆ. ಐದಕ್ಕೆ ಮೂರೂವರೆ ಎಂದು ಅಂಕ ಹಾಕುವ ಚಾಳಿ ಮಾತ್ರ ಬೇಡ. ಅಂಕ ಕಂಡವರು ಲೇಖನ ಓದುವುದಿಲ್ಲ.

ನಿನ್ನ ಕೊನೆಯ ಪ್ರಶ್ನೆ ಕಷ್ಟದ್ದು. ‘ಸ್ವಂತ ದುಡ್ಡು ಹಾಕಿದ್ದಾರೆ, ಚೆನ್ನಾಗಿಲ್ಲ ಎಂದು ಹೇಗೆ ಬರೆಯಲಿ?’ ನಿನ್ನ ಮರುಕ ಸಹಜ. ಹನ್ನೆರಡು ತಿಂಗಳಲ್ಲಿ 1,000 ಸಲ ಕೇಳಿಸಿಕೊಳ್ಳದ ಹಾಡಿಗೆ ಸ್ಪಾಟಿಫೈ 2024ರಿಂದ ಕಾಸು ಕೊಡುವುದಿಲ್ಲ. ಇವರಿಗೆ ಹಾಕಿದ ದುಡ್ಡು ಮರಳುವ ಭರವಸೆ ಇಲ್ಲ. ಆದರೂ ಮರುಕದಿಂದ ಹೊಗಳಿದರೆ, ಸಾಲ ಮಾಡಿ ಹಾಡಿದವರನ್ನು ನೀನು ಕೇಳಲೇ ಇಲ್ಲ ಎಂದಾಗುತ್ತದೆ. ಮೂರನೆಯ ಹಾಡಿನಲ್ಲಿ ಡ್ರಮ್ಸ್ ಸದ್ದು ಪದಗಳನ್ನು ನುಂಗಿದೆ. ನಾಲ್ಕು ಸಲ ಕೇಳಿದರೂ ಎರಡನೆಯ ಸಾಲು ನನಗೆ ಹತ್ತಲಿಲ್ಲ. ಅದನ್ನು ಬರೆ, ನಿಮಿಷ ಸೆಕೆಂಡಿನ ಸಮೇತ ಬರೆ. ಮುಂದಿನ ಸಲ ಮಿಕ್ಸಿಂಗಿಗೆ ಕೂತಾಗ ಅವರಿಗೆ ಉಪಯೋಗಕ್ಕೆ ಬರುತ್ತದೆ. ‘ಇವರಿಗೆ ಹಾಡಲು ಬರುವುದಿಲ್ಲ’ ಎಂದು ಬರೆದರೆ ಯಾರಿಗೂ ಏನೂ ಸಿಗುವುದಿಲ್ಲ. ಗೆಳೆಯರ ಆಲ್ಬಮ್ ಆದರೆ ಗೆಳೆಯರದು ಎಂದು ಮೊದಲ ಸಾಲಿನಲ್ಲೇ ಹೇಳಿಬಿಡು.

ತಿದ್ದಿದ ಲೇಖನ ತೆಗೆದುಕೊಂಡು ಮುಂದಿನ ಭಾನುವಾರ ಮನೆಗೆ ಬಾ. ಟೇಪ್ ರೆಕಾರ್ಡರಿನ ಬೆಲ್ಟ್ ಸಡಿಲಾಗಿತ್ತು, ಸೂಪರ್ ಮಾರ್ಕೆಟ್ ಪೇಟೆಯಲ್ಲಿ ರಿಪೇರಿಗೆ ಕೊಟ್ಟಿದ್ದೇನೆ, ಶುಕ್ರವಾರ ಸಿಗುತ್ತದೆ. ಮಾಸ್ತರರ ಅವ್ವನ ಹಾಡು ನಿನಗೆ ಕೇಳಿಸಬೇಕು. ಆಮೇಲೆ ಎಂಟನೆಯ ಹಾಡು. ನಿನ್ನ ಲೇಖನದಲ್ಲಿ ಅದರ ಬಗ್ಗೆ ಒಂದಕ್ಷರವೂ ಇಲ್ಲ, ನನಗೂ ಅದಿನ್ನೂ ಕೈಗೆ ಸಿಕ್ಕಿಲ್ಲ. ಇಯರ್‌ಫೋನ್ ಮರೆಯದೆ ತಾ.

ನಿನ್ನ ಕಾಕಾ