ಒಪ್ಪಂದದ ಕಾಗದ ನಮ್ಮ ಸದನಕ್ಕೂ ಬರಲಿ: ವಿದೇಶಾಂಗ ಸಚಿವರಿಗೊಂದು ಬಹಿರಂಗ ಪತ್ರ

ಸನ್ಮಾನ್ಯ ಡಾ. ಎಸ್. ಜೈಶಂಕರ್ ಅವರಿಗೆ,
ವಿದೇಶಾಂಗ ವ್ಯವಹಾರಗಳ ಸಚಿವರು, ನವದೆಹಲಿ

ನಮಸ್ಕಾರ.

2025ರ ಜುಲೈ 30ರ ಸಂಜೆ 5.40ಕ್ಕೆ ಶ್ರೀಹರಿಕೋಟದಿಂದ ನಿಸಾರ್ ಎಂಬ ಭೂವೀಕ್ಷಣೆಯ ಉಪಗ್ರಹ ಮೇಲೇರಿತು. ನಾಸಾದ ರಾಡಾರೂ ಇಸ್ರೋದ ರಾಡಾರೂ ಕ್ಯಾಲಿಫೋರ್ನಿಯಾದಲ್ಲಿ ಜೊತೆಗೂಡಿ, 2023ರ ಮಾರ್ಚಿನಲ್ಲಿ ಅಮೆರಿಕ ವಾಯುಪಡೆಯ ಸಿ-17 ವಿಮಾನದಲ್ಲಿ ಬೆಂಗಳೂರಿಗೆ ಬಂದು, ಇಲ್ಲಿ ಉಪಗ್ರಹದ ಒಡಲು ಸೇರಿದ್ದವು. ಎರಡು ದೇಶಗಳ ಎಂಜಿನಿಯರುಗಳು ವರ್ಷಗಟ್ಟಲೆ ಒಟ್ಟಿಗೆ ದುಡಿದದ್ದರ ಫಲ ಅದು. ಅದೇ ಸಂಜೆ ಅಮೆರಿಕದ ಅಧ್ಯಕ್ಷರು ಭಾರತದ ಸರಕಿಗೆ ಶೇ 25ರಷ್ಟು ಸುಂಕ ಎಂದು ಸಾಮಾಜಿಕ ಜಾಲತಾಣದಲ್ಲಿ ಘೋಷಿಸಿದರು. ರಷ್ಯಾದಿಂದ ತೈಲ ಕೊಳ್ಳುತ್ತೇವೆಂಬ ಕಾರಣಕ್ಕೆ ಆಗಸ್ಟ್ 27ರಿಂದ ಇನ್ನೂ 25 ಸೇರಿ ಶೇ 50 ಆಯಿತು.

ವಿದೇಶಗಳೊಡನೆ ಮಾಡುವ ಒಪ್ಪಂದಗಳು ನಮ್ಮ ಸಂಸತ್ತಿನ ಮುಂದೆಯೂ ಬರಲಿ ಎಂದು ಕೋರಲು ಈ ಪತ್ರ; ಎರಡರಲ್ಲಿ ಯಾವುದು ನಿಜವಾದ ಸ್ನೇಹ ಎಂದು ಕೇಳಲು ಅಲ್ಲ. ಎರಡೂ ನಿಜವೇ, ಮತ್ತು ಹಿಂದೆಯೂ ಹೀಗೇ ನಡೆದಿದೆ. ನಿಸಾರ್ ಹೊತ್ತೊಯ್ದ ಜಿಎಸ್‌ಎಲ್‌ವಿ ರಾಕೆಟ್ಟಿನ ಮೇಲಿನ ಹಂತದಲ್ಲಿದ್ದದ್ದು ನಮ್ಮದೇ ಕ್ರಯೋಜೆನಿಕ್ ಎಂಜಿನ್, ಅಂದರೆ ಅತಿ ಶೀತಲ ದ್ರವ ಇಂಧನದಿಂದ ಉರಿಯುವ ಎಂಜಿನ್. ಅದನ್ನು ನಾವೇ ಕಟ್ಟಬೇಕಾಗಿ ಬಂದದ್ದು ಏಕೆಂದು ತಮಗೆ ಗೊತ್ತಿದೆ. 1992ರಲ್ಲಿ ಅಮೆರಿಕ ಇಸ್ರೋ ಮೇಲೂ, ಆ ತಂತ್ರಜ್ಞಾನ ಕೊಡಲು ಒಪ್ಪಿದ್ದ ರಷ್ಯಾದ ಗ್ಲಾವ್‌ಕಾಸ್ಮೋಸ್ ಸಂಸ್ಥೆಯ ಮೇಲೂ ನಿರ್ಬಂಧ ಹೇರಿತು. ಮರುವರ್ಷ ರಷ್ಯಾ ತಂತ್ರಜ್ಞಾನ ಕೊಡುವ ಮಾತಿನಿಂದ ಹಿಂದೆ ಸರಿಯಿತು. ಸ್ವದೇಶಿ ಎಂಜಿನ್ ಹಾರಾಟದಲ್ಲಿ ಯಶಸ್ವಿಯಾಗಿ ಉರಿದದ್ದು 2014ರ ಜನವರಿಯಲ್ಲಿ. ಅಂದು ಯಾವ ತಂತ್ರಜ್ಞಾನವನ್ನು ನಮಗೆ ಸಿಗದಂತೆ ತಡೆದರೋ, ಅದರ ಬೆನ್ನೇರಿಯೇ ಅವರ ರಾಡಾರ್ ಕಕ್ಷೆ ಮುಟ್ಟಿತು.

ಬೆಂಗಳೂರಿನ ವಿಮಾನದ ಮಂದಿಗೂ ಇಂಥದೇ ನೆನಪಿದೆ. 1998ರ ಮೇ ತಿಂಗಳ ಪೋಖ್ರಾನ್ ಅಣು ಪರೀಕ್ಷೆಯ ಹೊತ್ತಿಗೆ ನಮ್ಮ ಲಘು ಯುದ್ಧ ವಿಮಾನದ ಎಂಜಿನಿಯರುಗಳು ಅಮೆರಿಕದಲ್ಲಿ ಲಾಕ್‌ಹೀಡ್ ಮಾರ್ಟಿನ್ ಜೊತೆ ಹಾರಾಟ ನಿಯಂತ್ರಣ ವ್ಯವಸ್ಥೆಯ ಕೆಲಸದಲ್ಲಿದ್ದರು. ನಿರ್ಬಂಧ ಬಂತು, ಅವರನ್ನು ಹೊರಡಿ ಎಂದರು, ಸಲಕರಣೆಗಳು ಅಲ್ಲೇ ಉಳಿದವು. ಕೆಲಸ ಬೆಂಗಳೂರಿನಲ್ಲೇ ಮುಗಿಯಿತು. 2001ರ ಜನವರಿ 4ರಂದು ಎಚ್‌ಎಎಲ್ ವಿಮಾನ ನಿಲ್ದಾಣದಿಂದ ಆ ಯುದ್ಧ ವಿಮಾನ ಹಾರಿತು. ಹಾರಿಸಿದ ಎಂಜಿನ್ ಮಾತ್ರ ಅಮೆರಿಕದ ಜಿಇ ಕಂಪನಿಯದೇ! ತೇಜಸ್ ಎಂದು ಹೆಸರು ಪಡೆದ ಆ ವಿಮಾನದ ಎದೆಯಲ್ಲಿ ಇಂದಿಗೂ ಇರುವುದು ಅವರದೇ ಎಂಜಿನ್. 2021ರಲ್ಲಿ 99 ಎಂಜಿನ್‌ಗಳಿಗೆ ಆರ್ಡರ್ ಕೊಟ್ಟೆವು, ಮೊದಲನೆಯದು ಕೈಗೆ ಬಂದದ್ದು 2025ರ ಮಾರ್ಚಿನಲ್ಲಿ, ಸುಮಾರು ಎರಡು ವರ್ಷ ತಡವಾಗಿ.

ನಾನು ಅಮೆರಿಕ ವಿರೋಧಿಯಲ್ಲ ಸಚಿವರೇ. ನಮ್ಮ ಬೀದಿಯಲ್ಲೇ ಮಗನೋ ಮಗಳೋ ಕ್ಯಾಲಿಫೋರ್ನಿಯಾದಲ್ಲೋ ಟೆಕ್ಸಾಸ್‌ನಲ್ಲೋ ಇರುವ ಮನೆಗಳು ಹಲವಿವೆ. ಚೀನಾದ ಸೈನ್ಯ ಗಾಲ್ವಾನ್‌ವರೆಗೆ ಬಂದು ನಿಂತ ಮೇಲೆ ನಮಗೆ ಬಲವಾದ ಜೊತೆಗಾರರು ಬೇಡ ಎನ್ನುವ ಮೂರ್ಖತನವೂ ನನಗಿಲ್ಲ. ನನ್ನ ತಕರಾರು ಒಂದೇ. ಭದ್ರತೆ, ಪ್ರಜಾಪ್ರಭುತ್ವ, ಸಮೃದ್ಧಿ ಎಂದು ಪ್ರತಿ ಜಂಟಿ ಹೇಳಿಕೆಯಲ್ಲೂ ಬರೆಯುತ್ತೀರಿ. ನಡುವಿನ ಆ ಪ್ರಜಾಪ್ರಭುತ್ವ ಅವರ ಕಡೆ ಸ್ವಲ್ಪವಾದರೂ ಕೆಲಸ ಮಾಡುತ್ತದೆ, ನಮ್ಮ ಕಡೆ ಹೇಳಿಕೆಯಲ್ಲೇ ಉಳಿಯುತ್ತದೆ.

ಪರಮಾಣು ಒಪ್ಪಂದವನ್ನೇ ತೆಗೆದುಕೊಳ್ಳಿ. 2005ರಲ್ಲಿ ಆ ಮಾತುಕತೆ ಶುರುವಾದಾಗ ತಾವು ಸಚಿವಾಲಯದ ಅಮೆರಿಕ ವಿಭಾಗದ ಜಂಟಿ ಕಾರ್ಯದರ್ಶಿ. ನನಗಿಂತ ನೂರು ಪಾಲು ಹೆಚ್ಚು ಬಲ್ಲಿರಿ. ಅವರ ಕಾಂಗ್ರೆಸ್, ಅಂದರೆ ಅಲ್ಲಿನ ಸಂಸತ್ತು, ಅದಕ್ಕೆಂದೇ 2006ರಲ್ಲಿ ಹೈಡ್ ಕಾಯ್ದೆ ಮಾಡಿತು, ಷರತ್ತುಗಳನ್ನು ಹಾಕಿತು, ತಜ್ಞರನ್ನು ಕರೆಸಿ ಬಹಿರಂಗವಾಗಿ ಪ್ರಶ್ನಿಸಿತು. ಕೊನೆಗೆ 2008ರ ಅಕ್ಟೋಬರ್ 1ರಂದು ಅದರ ಮೇಲ್ಮನೆಯಾದ ಸೆನೆಟ್ 86–13 ಮತಗಳಿಂದ ಒಪ್ಪಿತು. ಯಾರು ಪರ, ಯಾರು ವಿರೋಧ ಎಂಬುದು ದಾಖಲೆಯಲ್ಲಿದೆ. ನಮ್ಮಲ್ಲಿ? 2008ರ ಜುಲೈ 22ರಂದು 275–256 ಎಂದು ಮತ ಬಿತ್ತು, ನಿಜ. ಆದರೆ ಅದು ಸರ್ಕಾರ ಉಳಿಯಬೇಕೇ ಬೇಡವೇ ಎಂಬುದಕ್ಕೆ. ಆ ದಿನದ ಲೋಕಸಭೆಯಿಂದ ಜನರಿಗೆ ನೆನಪಿರುವುದು ಲಂಚದ್ದೆಂದು ಸಂಸದರು ಮೇಜಿನ ಮೇಲೆ ತಂದಿಟ್ಟ ನೋಟಿನ ಕಂತೆಗಳೇ ಹೊರತು ಒಪ್ಪಂದದ ಒಂದು ಕಲಮೂ ಅಲ್ಲ.

2016ರ ಸೇನಾ ಸರಬರಾಜು ಒಪ್ಪಂದ, 2018ರ ಸಂಪರ್ಕ ಒಪ್ಪಂದ, 2020ರ ಭೂನಕ್ಷೆ ಮಾಹಿತಿಯ ಒಪ್ಪಂದ, 2025ರ ಅಕ್ಟೋಬರ್ 31ರಂದು ಕ್ವಾಲಾಲಂಪುರದಲ್ಲಿ ಇಬ್ಬರು ರಕ್ಷಣಾ ಸಚಿವರು ಸಹಿ ಹಾಕಿದ ಹತ್ತು ವರ್ಷದ ರಕ್ಷಣಾ ಚೌಕಟ್ಟು: ಇವು ಯಾವುದಕ್ಕೂ ನಮ್ಮ ಸದನದ ಒಪ್ಪಿಗೆ ಬೇಕಿರಲಿಲ್ಲ. ಅವರಿಂದ ನಾವು ಕೊಳ್ಳುವ 31 ಎಂಕ್ಯೂ-9ಬಿ ಡ್ರೋನ್‌ಗಳ ಪೂರ್ತಿ ಪಟ್ಟಿ, ಜೊತೆಗೆ ಬರುವ ಕ್ಷಿಪಣಿ, ಬಿಡಿಭಾಗ, ಅಂದಾಜು 399 ಕೋಟಿ ಡಾಲರ್ ಬೆಲೆ, ಇವೆಲ್ಲ 2024ರ ಫೆಬ್ರುವರಿಯಲ್ಲಿ ಅವರ ಸರ್ಕಾರ ಅವರ ಕಾಂಗ್ರೆಸ್ಸಿಗೆ ಕೊಟ್ಟ ನೋಟಿಸಿನಲ್ಲಿದ್ದವು. ಕಾಸು ನಮ್ಮದು, ವಿವರ ಓದಲು ವಾಷಿಂಗ್ಟನ್ನಿನ ಕಾಗದ ಹುಡುಕಬೇಕು. ಮದುವೆ ಮಾತುಕತೆಗೆ ಆ ಕಡೆಯಿಂದ ಮನೆಮಂದಿಯೆಲ್ಲ ಬಂದು ಕೂತಿದ್ದರೆ ಈ ಕಡೆಯಿಂದ ಯಜಮಾನರೊಬ್ಬರೇ ಹೋಗಿ ತಾಂಬೂಲ ಬದಲಿಸಿಕೊಂಡು ಬಂದ ಹಾಗಿದೆ.

ಇದರಲ್ಲಿ ಬರಿ ಮರ್ಯಾದೆಯ ಪ್ರಶ್ನೆ ಇಲ್ಲ, ನಷ್ಟವೂ ಇದೆ. ತಾರಾಪುರದ ಅಣು ವಿದ್ಯುತ್ ಸ್ಥಾವರಕ್ಕೆ ಇಂಧನ ಕೊಡುತ್ತೇವೆಂದು ಅಮೆರಿಕ 1963ರಲ್ಲಿ ಮೂವತ್ತು ವರ್ಷದ ಒಪ್ಪಂದ ಮಾಡಿಕೊಂಡಿತ್ತು. 1978ರಲ್ಲಿ ಅವರ ಕಾಂಗ್ರೆಸ್ ಒಂದು ಕಾನೂನು ಮಾಡಿತು, ಇಂಧನಕ್ಕೆ ತಡೆ ಬಿತ್ತು, ಕಡೆಗೆ ಫ್ರಾನ್ಸ್ ಮುಂದೆ ಬರಬೇಕಾಯಿತು. ‘ನಮ್ಮ ಕಾಂಗ್ರೆಸ್ ಒಪ್ಪುವುದಿಲ್ಲ’ ಎನ್ನುವುದು ಅವರ ರಾಯಭಾರಿಗಳ ಕೈಯಲ್ಲಿರುವ ದೊಡ್ಡ ಅಸ್ತ್ರ. ‘ನಮ್ಮ ಸಂಸತ್ತು ಒಪ್ಪುವುದಿಲ್ಲ’ ಎಂದು ಹೇಳುವ ಅವಕಾಶ ನಮ್ಮ ರಾಯಭಾರಿಗಿಲ್ಲ. ವಾಷಿಂಗ್ಟನ್ನಿನಲ್ಲಿ ಆ ಕುರ್ಚಿಯಲ್ಲಿ ಕೂತಿದ್ದ ತಮಗೆ ಇದರ ಬೆಲೆ ಗೊತ್ತಿರಲೇಬೇಕು.

2025ರಲ್ಲಿ ಅವರ ಕಾಂಗ್ರೆಸ್ಸನ್ನೂ ಬದಿಗಿಟ್ಟೇ ಸುಂಕ ಹೇರಿದರಲ್ಲ ಎನ್ನಬಹುದು. ಹೌದು, 1977ರ ತುರ್ತು ಅಧಿಕಾರದ ಕಾಯ್ದೆಯ ಹೆಸರಲ್ಲಿ ಅಧ್ಯಕ್ಷರು ಒಬ್ಬರೇ ಮಾಡಿದ ಕೆಲಸ ಅದು. ಆದರೆ ಅಲ್ಲಿನ ಸಣ್ಣ ವ್ಯಾಪಾರಿಗಳೇ, ಈ ಅಧಿಕಾರ ಕಾಂಗ್ರೆಸ್ಸಿನದು ಎಂದು ಕೋರ್ಟಿಗೆ ಹೋದರು. ಹಿಡಿದು ವಾದಿಸಲು ಅವರ ಕೈಯಲ್ಲಿ ಒಂದು ಕಾನೂನಾದರೂ ಇತ್ತು.

ನಮ್ಮ ತುಮಕೂರು ಸೀಮೆಯ ಮಿಡಿಸೌತೆ ಬೆಳೆಗಾರರ ಕೈಯಲ್ಲಿ ಏನಿದೆ? 1990ರ ದಶಕದಲ್ಲಿ ಕರ್ನಾಟಕದಲ್ಲಿ ಶುರುವಾದ ಬೆಳೆ ಇದು. ಕಂಪನಿಯವರು ಬೀಜ, ಗೊಬ್ಬರ ಕೊಡುತ್ತಾರೆ, ಕಾಯಿಯನ್ನು ಅವರೇ ಕೊಳ್ಳುತ್ತಾರೆ. ಕಾಯಿ ಎಷ್ಟು ಚಿಕ್ಕದೋ ಅಷ್ಟು ಹೆಚ್ಚು ರೇಟು. ಒಂದು ದಿನ ಕೀಳದೆ ಬಿಟ್ಟರೆ ಕೈಬೆರಳಿನಂತಿದ್ದದ್ದು ದಪ್ಪಗಾಗಿ ದರ ಇಳಿಯುತ್ತದೆ. ಊರಲ್ಲಿ ಇದನ್ನು ತಿನ್ನುವವರಿಲ್ಲ, ಸಂತೆಗೆ ಹೊತ್ತರೆ ಕೇಳುವವರಿಲ್ಲ. ಉಪ್ಪುನೀರಲ್ಲೋ ವಿನೆಗರ್‌ನಲ್ಲೋ ಮುಳುಗಿ ಅಮೆರಿಕಕ್ಕೆ, ಯುರೋಪಿಗೆ, ರಷ್ಯಾಕ್ಕೆ ಹೋಗಬೇಕು. ತಮಾಷೆ ನೋಡಿ: ಸುಂಕ ಹಾಕಿದ ದೇಶವೂ, ಸುಂಕಕ್ಕೆ ನೆಪವಾದ ದೇಶವೂ ಇವರ ಗಿರಾಕಿಗಳೇ. ಬೆಂಗಳೂರಿನ ಪೀಣ್ಯದಲ್ಲಿ, ಬೊಮ್ಮನಹಳ್ಳಿಯಲ್ಲಿ ಅಮೆರಿಕದ ಅಂಗಡಿಗಳಿಗೆ ಅಂಗಿ ಹೊಲಿಯುವ ಹೆಣ್ಣುಮಕ್ಕಳ ಕಥೆಯೂ ಬೇರೆಯಲ್ಲ; ಆರ್ಡರ್ ನಿಂತರೆ ಮೊದಲು ಹೋಗುವುದು ಅವರ ಓವರ್‌ಟೈಮ್, ಆಮೇಲೆ ಕೆಲಸ.

ಇನ್ನು ಹಾಲು. ಕೃಷಿ ರಾಜ್ಯಗಳ ವಿಷಯ ಎಂದು ಸಂವಿಧಾನ ಹೇಳುತ್ತದೆ, ಆದರೆ ಒಪ್ಪಂದ ಮಾಡುವುದು ಕೇಂದ್ರ. ಅಮೆರಿಕದ ಹೈನು ಉತ್ಪನ್ನ ಒಳಗೆ ಬಿಡಬೇಕೇ, ಪ್ರಾಣಿಜನ್ಯ ಮೇವು ತಿಂದ ಹಸುವಿನ ಹಾಲಲ್ಲ ಎಂಬ ಪ್ರಮಾಣಪತ್ರ ಕೇಳುವುದನ್ನು ಮುಂದುವರಿಸಬೇಕೇ ಎಂಬ ಚೌಕಾಸಿ ವರ್ಷಗಳಿಂದ ನಡೆದಿದೆ. ಈವರೆಗೆ ದೆಹಲಿ ಬಗ್ಗಿಲ್ಲ, ಅದಕ್ಕೆ ಕೃತಜ್ಞತೆ. ಬಗ್ಗುವ ದಿನ ಬಂದರೆ, ನಂದಿನಿ ಡೇರಿಗೆ ಬೆಳಿಗ್ಗೆ ಕ್ಯಾನು ಹೊರುವ ಲಕ್ಷಾಂತರ ಮನೆಗಳಿಗೆ ವಿಷಯ ತಿಳಿಯುವುದು ಸಹಿ ಬಿದ್ದ ಮೇಲೆ. 2019ರ ನವೆಂಬರಿನಲ್ಲಿ ಬ್ಯಾಂಕಾಕ್‌ನಲ್ಲಿ ಏಷ್ಯಾ–ಪೆಸಿಫಿಕ್ ದೇಶಗಳ ಆರ್‌ಸಿಇಪಿ ಎಂಬ ವ್ಯಾಪಾರ ಒಪ್ಪಂದದಿಂದ ಹೊರಬಂದಿರಿ. ರೈತರು ಬೀದಿಗಿಳಿದದ್ದೂ ಅದರಲ್ಲಿ ಒಂದು ಕಾರಣ. ಪ್ರತಿ ಸಲವೂ ಬೀದಿಗಿಳಿದೇ ಕೇಳಬೇಕೇ?

ಪರಿಹಾರವನ್ನು ನಾನು ಹೊಸದಾಗಿ ಹೇಳಬೇಕಿಲ್ಲ. ಬೆಂಗಳೂರಿನವರೇ ಆದ ನ್ಯಾಯಮೂರ್ತಿ ಎಂ. ಎನ್. ವೆಂಕಟಾಚಲಯ್ಯನವರ ಅಧ್ಯಕ್ಷತೆಯ ಸಂವಿಧಾನ ಪರಾಮರ್ಶೆ ಆಯೋಗ 2002ರಲ್ಲೇ ವರದಿ ಕೊಟ್ಟಿದೆ: ವಿದೇಶಿ ಒಪ್ಪಂದ ಮಾಡಿಕೊಳ್ಳುವ ಅಧಿಕಾರವನ್ನು ಸಂಸತ್ತು ಕಾನೂನಿನ ಮೂಲಕ ಕ್ರಮಬದ್ಧಗೊಳಿಸಲಿ ಎಂದು. ಆ ಆಯೋಗವನ್ನು ನೇಮಿಸಿದ್ದು ವಾಜಪೇಯಿಯವರ ಸರ್ಕಾರ. ಸಂವಿಧಾನದ ಕೇಂದ್ರ ಪಟ್ಟಿಯ 14ನೇ ನಮೂದು ಅದಕ್ಕೆ ಅಧಿಕಾರ ಕೊಟ್ಟೇ ಇದೆ. ಆಸ್ಟ್ರೇಲಿಯಾದಲ್ಲಿ 1996ರಿಂದ ಒಪ್ಪಂದಗಳನ್ನು ಪರಿಶೀಲಿಸಲು ಜಂಟಿ ಸಂಸದೀಯ ಸಮಿತಿಯಿದೆ. ಬ್ರಿಟನ್ನಿನಲ್ಲಿ 2010ರ ಕಾನೂನಿನಂತೆ ಒಪ್ಪಂದದ ಪ್ರತಿ 21 ಕಲಾಪ ದಿನ ಸದನದ ಮುಂದಿರಬೇಕು. 2025ರ ಜುಲೈನಲ್ಲಿ ನಾವು ಅವರೊಡನೆ ಮಾಡಿಕೊಂಡ ವ್ಯಾಪಾರ ಒಪ್ಪಂದಕ್ಕೂ ಅದೇ ನಿಯಮ. ಅವರ ಸಂಸದರು ಓದಿ ತಕರಾರು ತೆಗೆಯಬಹುದಾದ ಕಾಗದಕ್ಕೆ ನಮ್ಮ ಸಂಸದರ ಮುಂದೆ ಬರುವ ಕಡ್ಡಾಯವಿಲ್ಲ.

ಗೋಪ್ಯತೆಯ ಮಾತು ಬರುತ್ತದೆ, ಗೊತ್ತು. ಸಂಕೇತ ಲಿಪಿಯ ಕೀಲಿಯನ್ನಾಗಲಿ, ಮಾತುಕತೆಯ ನಡುವಿನ ಟಿಪ್ಪಣಿಯನ್ನಾಗಲಿ ಯಾರೂ ಕೇಳುತ್ತಿಲ್ಲ. ವಿದೇಶಾಂಗ ವ್ಯವಹಾರಗಳ ಸ್ಥಾಯಿ ಸಮಿತಿ ಇದೆಯಲ್ಲ ಎಂದರೆ, ಅದು ಮುಚ್ಚಿದ ಬಾಗಿಲ ಒಳಗೆ ಸೇರುತ್ತದೆ. ಸಹಿಯಾದದ್ದನ್ನು ತಡೆಯುವ ಅಧಿಕಾರವೂ ಅದಕ್ಕಿಲ್ಲ.

ತಾವು ಮನಸ್ಸು ಮಾಡಿದರೆ ಆಗುತ್ತದೆ ಎಂಬುದಕ್ಕೆ ತಾವೇ ಸಾಕ್ಷಿ. 2025ರ ಫೆಬ್ರುವರಿಯಲ್ಲಿ ಕೈಕೋಳ ತೊಡಿಸಿ ನಮ್ಮವರನ್ನು ಸೇನಾ ವಿಮಾನದಲ್ಲಿ ಅಮೃತಸರಕ್ಕೆ ತಂದಿಳಿಸಿದ ಮರುದಿನವೇ ರಾಜ್ಯಸಭೆಗೆ ಬಂದು, 2009ರಿಂದ ಯಾವ ವರ್ಷ ಎಷ್ಟು ಮಂದಿಯನ್ನು ಗಡಿಪಾರು ಮಾಡಿದರೆಂದು ಅಂಕಿ ಸಮೇತ ಹೇಳಿದಿರಿ. ತಮ್ಮ ಉತ್ತರ ನನಗೆ ಒಪ್ಪಿಗೆಯಾಗಲಿಲ್ಲ. ಕೈಕೋಳಕ್ಕೆ ಅವರ ನಿಯಮಾವಳಿಯನ್ನು ತಾವು ಓದಿ ಹೇಳಬೇಕಿರಲಿಲ್ಲ. ಆದರೆ ಅಂಕಿ ಸದನಕ್ಕೆ ಬಂತು, ವಾದ ನಡೆಯಿತು.

ಹಾಗಾಗಿ ಕೋರಿಕೆ ಇಷ್ಟು. 2002ರ ಶಿಫಾರಸಿನಂತೆ ಒಂದು ಮಸೂದೆ ತನ್ನಿ. ಅದು ತಡವಾದರೆ, ಅಮೆರಿಕದೊಡನೆ ಈವರೆಗೆ ಸಹಿಯಾದ ಒಪ್ಪಂದಗಳ ಪೂರ್ತಿ ಪಟ್ಟಿಯನ್ನೂ, ಬಹಿರಂಗ ಮಾಡಬಹುದಾದ ಪಠ್ಯಗಳನ್ನೂ ಸದನದಲ್ಲಿ ಮಂಡಿಸಿ. ಕೃಷಿ, ಹಾಲು ಬರುವ ಯಾವುದೇ ಕಲಮಿಗೆ ಸಹಿಗೆ ಮೊದಲೇ ರಾಜ್ಯಗಳ ಅಭಿಪ್ರಾಯ ಬರಹದಲ್ಲಿ ಪಡೆಯಿರಿ. ಆ ಪಠ್ಯಗಳು ಕನ್ನಡದಲ್ಲೂ ಸಿಗಲಿ; ಮಿಡಿಸೌತೆ ಬೆಳೆಯುವವರು ಇಂಗ್ಲಿಷಿನಲ್ಲಿ ಸುಂಕದ ಕೋಷ್ಟಕ ಓದುವುದಿಲ್ಲ.

ಕರ್ನಾಟಕದ 28 ಲೋಕಸಭಾ ಸದಸ್ಯರಿಗೂ 12 ರಾಜ್ಯಸಭಾ ಸದಸ್ಯರಿಗೂ ಈ ಪತ್ರದ ಪ್ರತಿ ಕಳಿಸುತ್ತಿದ್ದೇನೆ. ಯಾವ ಪಕ್ಷದವರೇ ಆಗಲಿ, ಪ್ರಶ್ನೋತ್ತರದ ಅವಧಿಯಲ್ಲಿ ಅವರಲ್ಲೊಬ್ಬರು ಈ ಪ್ರಶ್ನೆ ಎತ್ತಿದರೆ ತಮ್ಮ ಉತ್ತರವನ್ನು ದಾಖಲೆಯಲ್ಲಿ ಓದಿಕೊಳ್ಳುತ್ತೇನೆ.

ಇಂತಿ ವಿಶ್ವಾಸಿ,
ತುಮಕೂರು ಜಿಲ್ಲೆಯ ಒಬ್ಬ ನಿವೃತ್ತ ಅಧ್ಯಾಪಕ